‘ಆಗಲಿಕ್ಕಿಲ್ಲ’ ಬೇರೆ, ‘ಆಗೂದಿಲ್ಲ’ ಬೇರೆ

ಕುತ್ತಿಗೆಯ ಥೈರಾಯ್ಡ್ ಗಂಟು ತೆಗೆಸಿಕೊಂಡ ಮರುದಿನ ಬೆಳಿಗ್ಗೆ ನರ್ಸ್‌ಗೆ ನೀರು ಕೇಳಲು ಬಾಯಿ ತೆಗೆದೆ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು ಬಂತು, ಮಾತು ಬರಲಿಲ್ಲ. ಗಂಟಲು ಒಣಗಿರಬೇಕು ಅಂದುಕೊಂಡು ಇನ್ನೊಮ್ಮೆ ಪ್ರಯತ್ನಿಸಿದೆ. ಮತ್ತದೇ ಗಾಳಿ.

ಬೆಳಗಾವಿಯ ಆ ಆಸ್ಪತ್ರೆಯ ಡಾಕ್ಟರು ಕೇರಳದವರು. ಕನ್ನಡ ಅಷ್ಟಾಗಿ ಬಾರದು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಇಂಗ್ಲಿಷಿನಲ್ಲಿ ಸಮಾಧಾನವಾಗಿ ವಿವರಿಸಿದರು. ಗಂಟು ದೊಡ್ಡದಿತ್ತು, ದನಿಯ ನರ ಅದಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ನರ ಸೋತಿದೆ. ಕೆಲವರಿಗೆ ಹೀಗಾಗುತ್ತದೆ ಎಂದು ಆಪರೇಶನ್ನಿಗೆ ಮೊದಲೇ ಅವರು ಹೇಳಿದ್ದರು. ವರ್ಷದೊಳಗೆ ದನಿ ಮರಳಬಹುದು, ಅರ್ಧ ಮರಳಬಹುದು. ಎದ್ದು ಹೋಗುವ ಮುಂಚೆ ನನ್ನ ಕೆಲಸ ಏನೆಂದು ಕೇಳಿದರು. ಗಂಡ ನನ್ನ ಪರವಾಗಿ ‘ಟೀಚರ್’ ಎಂದರು. ಡಾಕ್ಟರು ಹೇಳಿದರು: ‘ಯು ಮೇ ನಾಟ್ ಬಿ ಏಬಲ್ ಟು ಟೀಚ್ ಲೈಕ್ ಬಿಫೋರ್.’

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಆ ವಾಕ್ಯದ ಒಂದೊಂದು ಪದವನ್ನೂ ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದು ಅಳಿಸಿದವಳು. ಅದು ನನ್ನನ್ನು ಕುರಿತು ಬಂದದ್ದು ಮಾತ್ರ ಅದೇ ಮೊದಲು.

ಗಂಡ ಹೊರಗೆ ಹೋಗಿ ಬೈಲಹೊಂಗಲಕ್ಕೆ, ನಮ್ಮ ಅತ್ತೆಗೆ, ಫೋನು ಮಾಡಿದರು. ಬಾಗಿಲು ತೆರೆದೇ ಇತ್ತು.

‘ಎಲ್ಲಾ ಛಲೋ ಆಗೇತಿ ಅವ್ವಾ. ದನಿ ಅಷ್ಟ ಹೋಗೇತಿ. ಇನ್ನ ಸಾಲಿ ಕಲಸೂದು ಆಗೂದಿಲ್ಲಂತ.’

ನಾನು ಮಂಚದ ಕಬ್ಬಿಣಕ್ಕೆ ಬಳೆ ಬಡಿದೆ. ಅವರು ಒಳಗೆ ಬಂದರು.

‘ಅವ್ರು ಹಂಗಂದಿಲ್ಲ,’ ಎಂದೆ, ಗಾಳಿಯಲ್ಲೇ.

‘ಮತ್ತೇನಂದ್ರು? ಅದ ಅಲ್ಲೇನು? ಮಾತಾಡಬ್ಯಾಡ ಅಂದಾರ ನಿನಗ. ಸುಮ್ಕ ಮಲಗು.’

ಅದಲ್ಲ. ಅವರು ಅಂದದ್ದು ‘ಕಲಿಸಲು ಆಗಲಿಕ್ಕಿಲ್ಲ’ ಎಂದು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು ಇದು. ‘ಅವ ಇವತ್ತ ಬರಲಿಕ್ಕಿಲ್ಲ’ ಎಂದವರು ಅವನಿಗೂ ಸೇರಿಸಿಯೇ ಅನ್ನಕ್ಕಿಡುತ್ತಾರೆ, ಯಾಕೆಂದರೆ ಬಂದರೂ ಬಂದ. ‘ಬರೂದಿಲ್ಲ’ ಎಂದರೆ ಪಾತ್ರೆ ತೊಳೆದಿಡುತ್ತಾರೆ. ನನ್ನ ಗಂಡ ಡಾಕ್ಟರ ‘ಮೇ’ಯನ್ನು ಆಸ್ಪತ್ರೆಯ ವರಾಂಡದಲ್ಲಿ ಬಿಟ್ಟು, ಬರೀ ‘ನಾಟ್’ ಒಂದನ್ನು ಊರಿಗೆ ಕಳಿಸಿದ್ದರು. ‘ಮೊದಲಿನಂತೆ’ ಎಂಬುದನ್ನಂತೂ ಅವರು ಕೇಳಿಸಿಕೊಂಡೇ ಇರಲಿಲ್ಲ.

ಬೈಲಹೊಂಗಲಕ್ಕೆ ಬಂದಾಗ ‘ಆಗೂದಿಲ್ಲ’ ನನಗಿಂತ ಮೊದಲೇ ಓಣಿಯೆಲ್ಲ ಸುತ್ತಿ ಮನೆಯಲ್ಲಿ ಬಂದು ಕೂತಿತ್ತು. ನೋಡಲು ಬಂದವರು ಎಳನೀರು ಇಟ್ಟು, ನನಗೆ ಕಿವಿಯೂ ಕೇಳುವುದಿಲ್ಲ ಎನ್ನುವಂತೆ ಜೋರಾಗಿ ಮಾತಾಡುತ್ತಿದ್ದರು. ನಮ್ಮ ಅತ್ತೆ ಕೆಟ್ಟವರಲ್ಲ. ದಿನಾ ತಾವೇ ಗಂಜಿ ಕಾಸಿ, ಆರಿಸಿ ತಂದುಕೊಡುತ್ತಿದ್ದರು. ಆದರೆ ಬಂದವರಿಗೆಲ್ಲ ಒಂದೇ ಮಾತು: ‘ದುಡದದ್ದು ಸಾಕು. ಇನ್ನ ಮನ್ಯಾಗ ಆರಾಮ ಇರತಾಳ.’ ಆ ದನಿಯಲ್ಲಿ ದುಃಖ ಇತ್ತು, ಸ್ವಲ್ಪ ಸಮಾಧಾನವೂ ಇತ್ತು. ಬೆಳಗಿನ ಬಸ್ಸು ಹಿಡಿಯುವ ಸೊಸೆ ಅವರಿಗೆ ಎಂದೂ ಪೂರಾ ಒಗ್ಗಿರಲಿಲ್ಲ.

ನನಗೆ ಸಿಟ್ಟು ಬರುತ್ತಿತ್ತು. ಒದರಲು ದನಿಯಿಲ್ಲದವರ ಸಿಟ್ಟು ಎಲ್ಲಿಗೆ ಹೋಗಬೇಕು? ನಾನು ಪಾತ್ರೆ ಕುಕ್ಕುತ್ತಿದ್ದೆ.

ಕೆಲವು ವಾರ ಬಿಟ್ಟು ತವರಿಗೆ ಹೊರಟೆ. ತವರು ಸುರೇಬಾನ, ರಾಮದುರ್ಗದ ಹತ್ತಿರ. ಗಂಡ ಜೊತೆಗೆ ಬರುತ್ತೇನೆ ಎಂದರು. ಬೇಡ ಎಂದೆ. ಸವದತ್ತಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಅವತ್ತು ಎಲ್ಲಮ್ಮನ ಗುಡ್ಡಕ್ಕೆ ಬಂದವರಿಂದ ಸ್ಟ್ಯಾಂಡು ತುಂಬಿತ್ತು. ರಾಮದುರ್ಗದ ಬಸ್ಸು ನನ್ನ ಕಣ್ಣೆದುರೇ ಹಿಂದಕ್ಕೆ ಸರಿದು ಹೊರಡಲು ತಿರುಗಿತು. ಕೂಗಿದೆ. ನನ್ನ ಪಕ್ಕ ನಿಂತಿದ್ದ ಮುದುಕಿಗೂ ಕೇಳಿಸಲಿಲ್ಲ. ಓಡಿಹೋಗಿ ಸ್ಟೀಲಿನ ಬುತ್ತಿ ಡಬ್ಬಿಯಿಂದ ಬಸ್ಸಿನ ಮಗ್ಗುಲಿಗೆ ಬಡಿದೆ. ಬಸ್ಸು ನಿಂತಿತು. ಕಂಡಕ್ಟರ್ ಬಾಗಿಲು ತೆಗೆದು, ‘ಏನ್ರಿ ಅಕ್ಕಾರ, ಬಾಯಿ ಇಲ್ಲೇನು?’ ಎಂದ. ನಾನು ಕುತ್ತಿಗೆಯ ಮೇಲಿನ ಹೊಲಿಗೆ ತೋರಿಸಿದೆ. ಅವನು ಪಾಪ ಮುಖ ಸಣ್ಣದು ಮಾಡಿಕೊಂಡು ಮುಂದಿನ ಸೀಟು ಬಿಡಿಸಿಕೊಟ್ಟ. ಡಬ್ಬಿ ಸೊಟ್ಟಗಾಗಿತ್ತು. ಎಷ್ಟೋ ದಿನಗಳ ನಂತರ ನನ್ನ ಮಾತು ಯಾರಿಗೋ ಕೇಳಿಸಿತ್ತು ಎಂದು ಖುಷಿಯಾಯಿತು.

ಅವ್ವ ನನ್ನನ್ನು ಕಂಡು ಅಳಲಿಲ್ಲ. ಜಗಲಿಯ ಮೇಲೆ ಮೊರದಲ್ಲಿ ಕಡಲೆ ಹಸನು ಮಾಡುತ್ತಾ ಕೂತಿದ್ದಳು. ನನ್ನ ಪಿಸುದನಿ ಕೇಳಿದಳು, ಹೊಲಿಗೆ ನೋಡಿದಳು, ಮತ್ತೆ ಮೊರಕ್ಕೆ ಕೈ ಹಾಕಿದಳು.

‘ದನಿ ಬಂದೀತು ಬಿಡವಾ. ಎಲ್ಲಿ ಹೋಗತದ?’

‘ಬರಲಿಲ್ಲಂದ್ರ?’

‘ಬರಲಿಕ್ಕೂ ಇಲ್ಲ. ಈಗ ಯಾಕ ಅದನ್ನ ಮಾತಾಡ್ತಿ? ಉಣ್ಣು ನಡಿ.’

ಅಷ್ಟರಲ್ಲಿ ಪಕ್ಕದ ಮನೆಯ ಸಣ್ಣ ಹುಡುಗಿಯೊಂದು ಕಟ್ಟೆಯ ಅಂಚಿಗೆ ಹತ್ತಿ ಕುಣಿಯತೊಡಗಿತು. ಅವ್ವ ತಲೆ ಎತ್ತದೆ ಹೇಳಿದಳು: ‘ಏ, ಬಿದ್ದೀ, ಇಳಿ.’

ಬಂದೀತು. ಬಿದ್ದೀ. ನಾನು ಉಣ್ಣಲು ಏಳುವುದನ್ನು ಬಿಟ್ಟು ಯೋಚಿಸುತ್ತಾ ಕೂತೆ. ನನಗೆ ಕಲಿಸಿದವರು ಮೇ ಎಂದರೆ ಬಹುದು, ಮೈಟ್ ಎಂದರೂ ಬಹುದು, ಕುಡ್ ಎಂದರೂ ಬಹುದು ಎಂದು ಕಲಿಸಿದ್ದರು. ಮೇಗಿಂತ ಮೈಟ್‌ಗೆ ಸಂಭವ ಇಷ್ಟು ಪರ್ಸೆಂಟ್ ಕಡಿಮೆ ಎಂದು ಬಿ.ಎಡ್.ನಲ್ಲಿ ಬರೆಸಿದ್ದರು. ನಾನೂ ಅದನ್ನೇ ಬರೆಸುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಎಲ್ಲ ಕಡೆಗೂ ‘ಮೇ’ ಒಂದನ್ನೇ ತುಂಬಿ ಬರುತ್ತಿದ್ದವು. ಇಲ್ಲಿ ನೋಡಿದರೆ ಅವ್ವನ ಜಗಲಿಯ ಮೇಲೆ ಅವೆಲ್ಲ ಬೇರೆ ಬೇರೆಯಾಗಿ ಓಡಾಡಿಕೊಂಡಿದ್ದವು. ದನಿ ಬರಬಹುದು ಎಂದರೆ ಒಂದು ತೂಕ. ಬಂದೀತು ಎಂದರೆ ತೂಕ ಸ್ವಲ್ಪ ಕಡಿಮೆ, ಆದರೆ ಅದರಲ್ಲಿ ಆಸೆ ಇದೆ. ಬಿದ್ದೀ ಎಂದರೆ ಅದೇ ಆಕಾರ, ಆಸೆಯ ಜಾಗದಲ್ಲಿ ಭಯ. ಬರಲಿಕ್ಕಿಲ್ಲ ಎಂದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಇಷ್ಟೆಲ್ಲ ಮನೆಯಲ್ಲೇ ಇಟ್ಟುಕೊಂಡು ನಾವು ಶಾಲೆಯಲ್ಲಿ ಪರ್ಸೆಂಟ್ ಲೆಕ್ಕ ಹಾಕುತ್ತಿದ್ದೆವು.

ನಾನು ಮತ್ತೆ ಕ್ಲಾಸಿಗೆ ಹೋಗಬೇಕು ಅನ್ನಿಸಿದ್ದು ಆಗ. ಅಲ್ಲಿಯವರೆಗೆ ಹೋಗುತ್ತೇನೆ ಅನ್ನುತ್ತಿದ್ದುದು ಹಟಕ್ಕೆ. ಈಗ ಹೇಳುವುದಕ್ಕೆ ಏನೋ ಒಂದು ಸಿಕ್ಕಿತ್ತು.

ರಜೆ ಮುಗಿಯುತ್ತಾ ಬಂದಾಗ ಡಾಕ್ಟರು ಪರೀಕ್ಷೆ ಮಾಡಿ, ‘ಶಿ ಮೇ ರೆಸ್ಯೂಮ್ ಹರ್ ಡ್ಯೂಟೀಸ್’ ಎಂದು ಸರ್ಟಿಫಿಕೇಟು ಬರೆದುಕೊಟ್ಟರು. ನಮ್ಮ ಶಾಲೆ ಬೈಲಹೊಂಗಲದಿಂದ ಕಿತ್ತೂರಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದೆ. ಹೆಡ್‌ಮಾಸ್ತರು ವಿಜ್ಞಾನದವರು, ಎಲ್ಲವನ್ನೂ ಎರಡೆರಡು ಸಲ ನೋಡುವ ಮನುಷ್ಯ. ಸರ್ಟಿಫಿಕೇಟನ್ನೂ ಎರಡು ಸಲ ಓದಿದರು.

‘ಟೀಚರ್ರ, ಇದರಾಗ ಮೇ ಅಂತ ಬರದಾರಲ್ರಿ. ಮೇ ಅಂದ್ರ ಬಹುದು. ಮಾಡಬಹುದು, ಮಾಡದ ಇರಬಹುದು. ಖಾತ್ರಿ ಎಲ್ಲೈತ್ರಿ?’

ನಾನು ಕುರ್ಚಿಯನ್ನು ಅವರ ಟೇಬಲ್ಲಿನ ಹತ್ತಿರಕ್ಕೆ ಎಳೆದುಕೊಂಡೆ. ಕೇಳಿಸಬೇಕಲ್ಲ.

‘ಸರ್, ಹುಡುಗರು ದಿನಾ ನಿಮ್ಮ ಬಾಗಲಾಗ ನಿಂತು ಮೇ ಐ ಕಮ್ ಇನ್ ಸರ್ ಅಂತಾರ. ನಾ ಒಳಗ ಬಂದೇನೋ ಇಲ್ಲೋ ಅಂತ ಅವರಿಗೆ ಅನುಮಾನ ಇರತದೇನ್ರಿ? ಅವರು ಕೇಳೂದು ಪರವಾನಗಿ. ಡಾಕ್ಟರ್ ಬರದದ್ದೂ ಪರವಾನಗಿನ.’

ಅವರು ಕನ್ನಡಕ ತೆಗೆದರು. ‘ಅಲ್ರಿ, ನಿಮ್ಮ ಯಜಮಾನ್ರು ಫೋನಿನ್ಯಾಗ ಹೇಳಿದ್ರು. ಕಲಸೂದು ಆಗೂದಿಲ್ಲ ಅಂತ ಡಾಕ್ಟರ ಅಂದಾರಂತ.’

‘ಡಾಕ್ಟರು ಹೇಳಿದ್ದು ನನಗ್ರಿ. ಅದರಾಗೂ ಮೇ ಇತ್ತು. ಆ ಮೇ ಪರವಾನಗಿ ಅಲ್ಲ, ಅದು ಸಂಶಯ. ಎರಡೂ ಕಡೆ ಅದ ಮೇ. ನೀವು ಪರವಾನಗಿ ಇದ್ದಲ್ಲಿ ಸಂಶಯ ಓದಾಕ ಹತ್ತೀರಿ. ಮನ್ಯಾಗ ಸಂಶಯ ಇದ್ದಲ್ಲಿ ಆಗೂದಿಲ್ಲ ಅಂತ ಓದ್ಯಾರ. ಎರಡೂ ಕಡೆ ತಪ್ಪು ನನ್ನ ತಲಿ ಮ್ಯಾಲೆ ಬರಾಕ ಹತ್ತೇತಿ.’

ಇಷ್ಟು ಹೇಳುವಷ್ಟರಲ್ಲಿ ನನಗೆ ಉಸಿರು ಕಟ್ಟಿತ್ತು. ದನಿಯ ನರ ಸೋತವರಿಗೆ ಮಾತಿನಲ್ಲಿ ಗಾಳಿ ಬೇಗ ಖರ್ಚಾಗುತ್ತದೆ. ಹೆಡ್‌ಮಾಸ್ತರು ನನ್ನ ಕಡೆಗೆ ನೀರಿನ ಬಾಟಲಿ ಸರಿಸಿದರು.

‘ನಾ ನಿಮ್ಮ ಛಲೋದಕ್ಕ ಹೇಳಾಕ ಹತ್ತೇನ್ರಿ. ಲೈಬ್ರರಿ ನೋಡಕೋರಿ. ಬಿಸಿಯೂಟದ ಉಸ್ತುವಾರಿ ನೋಡಕೋರಿ. ಪಗಾರೇನು ಕಡಿಮಿ ಆಗೂದಿಲ್ಲ. ಹತ್ತನೆತ್ತೆ ಮಕ್ಕಳದು ಎಸ್ಸೆಸ್ಸೆಲ್ಸಿ, ವರ್ಷದ ಪ್ರಶ್ನೆ ಐತಿ.’

‘ಅದಕ್ಕ ಹತ್ತನೆತ್ತೆನ ಕೊಡ್ರಿ,’ ಎಂದೆ.

ಕೊನೆಗೆ ಅವರು, ಮುಂದಿನ ಕಿರುಪರೀಕ್ಷೆಯವರೆಗೆ ನೋಡೋಣ ಎಂದರು. ಅವರದು ದುಷ್ಟತನವಾಗಿರಲಿಲ್ಲ, ಅಂಜಿಕೆ. ಆದರೆ ಇನ್ನೊಬ್ಬರ ಅಂಜಿಕೆಗೆ ನಾನು ಯಾಕೆ ಬಿಸಿಯೂಟದ ಅಕ್ಕಿ ಅಳೆಯಬೇಕು?

ಅವತ್ತು ಸಂಜೆ ಗಂಡ ಅಂಗಡಿಯಿಂದ ಬಂದಾಗ ಚಹಾ ಕೊಟ್ಟು ಎದುರಿಗೆ ಕೂತೆ. ಅವರದು ಬೀಜ, ಗೊಬ್ಬರದ ಅಂಗಡಿ. ದಿನವಿಡೀ ರೈತರಿಗೆ ಖಾತ್ರಿ ಕೊಟ್ಟು ಕೊಟ್ಟು, ಖಾತ್ರಿಯಿಲ್ಲದ ಮಾತು ಅವರಿಗೆ ಸೇರುವುದಿಲ್ಲ.

‘ಹೆಡ್‌ಮಾಸ್ತರಿಗೆ ನೀವು ಫೋನ್ ಮಾಡಿದ್ರಿ?’

‘ಅವ್ರ ಮಾಡಿದ್ರು. ಕೇಳಿದ್ರು, ಹೇಳಿದೆ.’

‘ನನ್ನ ಬಗ್ಗೆ ಯಾರರ ಏನರ ಇಂಗ್ಲಿಷಿನ್ಯಾಗ ಅಂದ್ರ, ಅದನ್ನ ನಾ ತರ್ಜುಮೆ ಮಾಡತೇನಿ. ನೀವು ಮಾಡಬ್ಯಾಡ್ರಿ.’

ಅವರು ಕಪ್ಪು ಕೆಳಗಿಟ್ಟರು. ‘ನನಗೇನು ಗೊತ್ತು ಅದು? ಆಸೆ ಇಟ್ಟು ಆಮ್ಯಾಲೆ ಬರಲಿಲ್ಲಂದ್ರ ನೀ ಎದಿ ಒಡಕೊಂಡೀ ಅಂತ ಅಂಜಿಕಿ ಬಂತು. ಅದಕ್ಕ ಮೊದಲ ಇಲ್ಲ ಅಂದಬಿಟ್ಟೆ.’

ಒಡಕೊಂಡೀ ಎಂದರು, ಅವ್ವ ಬಿದ್ದೀ ಎಂದ ಹಾಗೆಯೇ. ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ನಾನೇ ಹಿಡಿದಿಟ್ಟುಕೊಂಡೆ, ಅದು ಬೇಕಾಗಿತ್ತು.

ಮುಂದಿನ ವಾರ ಬೆಳಗಾವಿಗೆ ಮಾಲು ತರಲು ಹೋದವರು ಒಂದು ಸಣ್ಣ ಡಬ್ಬಿ ತಂದರು. ಸೊಂಟಕ್ಕೆ ಕಟ್ಟಿಕೊಳ್ಳುವ ಸ್ಪೀಕರು, ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕು. ‘ಸಂತ್ಯಾಗ ಪ್ಯಾರಲಹಣ್ಣು ಮಾರಾವ್ರು ಹಾಕ್ಕೊಂತಾರ ನೋಡು, ಅಂಥಾದ್ದ,’ ಎಂದು ನನ್ನ ಮುಖ ನೋಡದೆ ಹೇಳಿ ಕೈಕಾಲು ತೊಳೆಯಲು ಹೋದರು.

ಅದನ್ನು ಕಟ್ಟಿಕೊಂಡು ಕ್ಲಾಸಿಗೆ ಹೋದ ಮೊದಲ ದಿನ ಮಕ್ಕಳು ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಸ್ಪೀಕರಿನಲ್ಲಿ ನನ್ನ ಪಿಸುದನಿ ದೊಡ್ಡದಾಗಿ, ಜೋಳದ ಒಣದಂಟಿನ ಮೇಲೆ ನಡೆದಂತೆ ಕೇಳಿಸಿತು. ನಾನೇ ಮೊದಲು ನಕ್ಕೆ. ಆ ನಗು ಇನ್ನೂ ಕೆಟ್ಟದಾಗಿ ಕೇಳಿಸಿತು. ಆಗ ಎಲ್ಲರೂ ನಕ್ಕರು, ಪಾಠ ಶುರುವಾಯಿತು.

ಹಲಗೆಯ ಮೇಲೆ ಒಂದು ಬಸ್ಸಿನ ಚಿತ್ರ ಬರೆದೆ. ಕಿತ್ತೂರಿನ ಬಸ್ಸು. ಸ್ಟ್ಯಾಂಡಿಗೆ ಬಂದಿದ್ದೀರಿ, ಬಸ್ಸು ಕಾಣುತ್ತಿಲ್ಲ, ಏನನ್ನುತ್ತೀರಿ ಎಂದು ಕೇಳಿದೆ.

‘ಹೋಗಿರಬಹುದ್ರಿ,’ ಎಂದರು.

ಮೇ ಹ್ಯಾವ್ ಗಾನ್. ಬರೆದೆ. ಈಗ ಬಸ್ಸು ಕಣ್ಣೆದುರೇ ಕೆಟ್ಟು ನಿಂತಿದೆ, ಟಾಯರು ಪಂಕ್ಚರ್ ಆಗಿದೆ. ಆಗದೇ ಇದ್ದಿದ್ದರೆ?

‘ಇಷ್ಟೊತ್ತಿಗೆ ಹೋಗಬಹುದಿತ್ರಿ.’

ಕುಡ್ ಹ್ಯಾವ್ ಗಾನ್. ಅದನ್ನೂ ಬರೆದೆ.

ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ‘ಟೀಚರ್ರಿ, ಎರಡೂ ಬಹುದು ಅಲ್ಲೇನ್ರಿ? ಫರಕ್ ಏನೈತ್ರಿ?’

‘ಮೊದಲನೇದರಾಗ ನಮಗ ಗೊತ್ತಿಲ್ಲ. ಹೋಗೇತೋ ಇಲ್ಲೋ, ಎರಡೂ ಜೀವಂತ ಅದಾವ. ಎರಡನೇದರಾಗ ಗೊತ್ತೈತಿ. ಹೋಗಿಲ್ಲ. ಆಗಾಕ ಬರತಿತ್ತು, ಆಗಲಿಲ್ಲ.’

ಅವಳು ಕೂರಲಿಲ್ಲ. ‘ಹಂಗಂದ್ರ ನಮ್ಮ ಅಕ್ಕ ಕಾಲೇಜ್ ಕಲೀಬಹುದಿತ್ತು ಅಂದ್ರ ಕುಡ್ ಹ್ಯಾವ್ ಬರತೈತ್ರಿ?’ ಎಂದಳು.

‘ಬರತೈತಿ.’

‘ನಾನು?’

‘ನಿನಗ ಮೇ. ನೀ ಇನ್ನೂ ಹತ್ತನೆತ್ತೆದಾಗ ಅದೀ. ನಿನ್ನ ವಾಕ್ಯಕ್ಕ ಯಾರರ ಕುಡ್ ಹ್ಯಾವ್ ಸೇರಿಸಾಕ ಬಂದ್ರ, ಬಿಡಬ್ಯಾಡ.’

ಇದು ಪಠ್ಯದಲ್ಲಿ ಇರಲಿಲ್ಲ. ಹೇಳಿದೆ. ಹೇಳುವಾಗ ನನಗೇ ಗೊತ್ತಾಯಿತು, ಆಸ್ಪತ್ರೆಯಿಂದ ಬಂದಾಗಿನಿಂದ ನನ್ನನ್ನು ಸುಡುತ್ತಿದ್ದುದು ಇದೇ. ಓಣಿಯವರು, ಮನೆಯವರು, ಶಾಲೆಯವರು, ಎಲ್ಲರೂ ಪ್ರೀತಿಯಿಂದಲೇ ನನ್ನನ್ನು ಆ ‘ಬಹುದಿತ್ತು’ವಿಗೆ ಸರಿಸುತ್ತಿದ್ದರು. ಛಲೋ ಟೀಚರ್ ಇದ್ದಳು, ಇನ್ನೂ ಕಲಿಸಬಹುದಿತ್ತು, ಪಾಪ. ನನಗೆ ಆ ‘ಪಾಪ’ ಬೇಕಿರಲಿಲ್ಲ. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ, ತುಂಟತನವೋ ಕಾಳಜಿಯೋ, ಕೇಳಿದ: ‘ಟೀಚರ್ರಿ, ನಿಮ್ಮ ದನಿ ಮೇನೋ ಮೈಟೋ?’

ಪಕ್ಕದ ಹುಡುಗ ಅವನ ತೊಡೆಗೆ ಚಿವುಟಿದ್ದು ಕಾಣಿಸಿತು.

‘ಗೊತ್ತಿಲ್ಲ,’ ಎಂದೆ. ‘ಗೊತ್ತಿಲ್ಲ ಅಂತ ನೆಟ್ಟಗ ಹೇಳಾಕ ಈ ಶಬ್ದ ಅದಾವ. ಅಂಜಿಕಿ ಆದವ್ರು ಇಲ್ಲ ಅಂತಾರ, ಸಮಾಧಾನ ಮಾಡಾವ್ರು ಹೌದು ಅಂತಾರ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳಾಕ ಧೈರ್ಯ ಬೇಕು. ಬರಕೋರಿ.’

ಪಕ್ಕದ ಕ್ಲಾಸಿನ ಗಣಿತದ ಮಾಸ್ತರು ಸ್ಪೀಕರಿನ ಸದ್ದು ಜಾಸ್ತಿಯಾಯಿತು ಎಂದು ದೂರು ಕೊಟ್ಟರು. ನನ್ನ ದನಿ ಜಾಸ್ತಿಯಾಯಿತು ಎಂಬ ದೂರು. ಹೆಡ್‌ಮಾಸ್ತರು ಬಂದು ಅದನ್ನು ನನಗೆ ತಲುಪಿಸುವಾಗ ಅವರಿಗೂ ನಗು ತಡೆಯಲಾಗಲಿಲ್ಲ. ಕಿರುಪರೀಕ್ಷೆಯಲ್ಲಿ ಮಕ್ಕಳೇನೂ ಪವಾಡ ಮಾಡಲಿಲ್ಲ. ಎಂದಿನ ಹಾಗೆ ಕೆಲವರು ಚೆನ್ನಾಗಿ ಬರೆದರು, ಕೆಲವರು ಇಲ್ಲ. ಆದರೆ ಖಾಲಿ ಜಾಗಕ್ಕೆಲ್ಲ ‘ಮೇ’ ತುಂಬುವುದು ನಿಂತಿತ್ತು. ಲೈಬ್ರರಿಯ ಮಾತು ಯಾರೂ ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.

ಆಸ್ಪತ್ರೆಯಲ್ಲಿ ಕಲಿಸಿದ್ದ ಕಸರತ್ತನ್ನು ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಮಾಡುತ್ತಿದ್ದೆ. ಎರಡೂ ಕೈಗಳಿಂದ ಗೋಡೆಯನ್ನು ದೂಡುತ್ತಾ ‘ಆ’ ಎನ್ನಬೇಕು. ಶುರುವಿಗೆ ಗಾಳಿ. ಆಮೇಲೆ ಒಂದು ದಿನ ಗಾಳಿಯ ನಡುವೆ ಗೊಗ್ಗರು ದನಿಯ ತುಣುಕೊಂದು ಬಂತು. ಕೆಳಗೆ ಅಂಗಳದಲ್ಲಿ ಹೂವು ಬಿಡಿಸುತ್ತಿದ್ದ ಅತ್ತೆ ಮೇಲೆ ನೋಡಿ, ‘ಯಾರದು?’ ಎಂದರು. ‘ನಾನ್ರಿ ಅತ್ತಿ,’ ಎಂದೆ. ಅವರಿಗೆ ಕೇಳಿಸಿತು. ಹೂವಿನ ಬುಟ್ಟಿ ಅಲ್ಲೇ ಇಟ್ಟು, ಮೊಣಕಾಲು ನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದರು. ‘ಇನ್ನೊಮ್ಮೆ ಅನ್ನು,’ ಎಂದರು. ಅಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಹಂಗಾದ್ರ ನಾಳೆಯಿಂದ ಬುತ್ತಿಗೆ ರೊಟ್ಟಿ ಲಗೂನ ಬಡೀಬೇಕು,’ ಎಂದರು. ಅಷ್ಟು ದಿನ ನಾನೇ ಬಡಿದುಕೊಂಡು ಹೋಗುತ್ತಿದ್ದೆ.

ವರ್ಷ ಕಳೆದ ಮೇಲೆ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಒಂದು ಕಡೆಯ ದನಿತಂತು ಇನ್ನೂ ಅಲುಗುತ್ತಿರಲಿಲ್ಲ. ಇನ್ನೊಂದು ಮಾತ್ರ ತನ್ನ ಗೆರೆ ದಾಟಿ ಬಂದು ಅದನ್ನು ಮುಟ್ಟುವುದನ್ನು ಕಲಿತಿತ್ತು. ಇದಕ್ಕಿಂತ ಹೆಚ್ಚು ಸುಧಾರಿಸಲಿಕ್ಕಿಲ್ಲ ಎಂದರು, ಮತ್ತೆ ಅದೇ ‘ಮೇ ನಾಟ್’. ಈ ಸಲ ಗಂಡ ನನ್ನ ಕಡೆ ತಿರುಗಿ, ‘ಏನಂದ್ರು, ನೀನ ಹೇಳು,’ ಎಂದರು.

ಈಗ ನನ್ನ ದನಿ ಒರಟು. ಫೋನಿನಲ್ಲಿ ಗುರುತಿಲ್ಲದವರು ‘ಸರ್’ ಎನ್ನುತ್ತಾರೆ, ನಾನು ತಿದ್ದುವುದಿಲ್ಲ. ಹಾಡಲು ಬರುವುದಿಲ್ಲ, ದೂರದಿಂದ ಕರೆಯಲು ಬರುವುದಿಲ್ಲ, ಸಂಜೆಯ ಹೊತ್ತಿಗೆ ಒಡೆದುಹೋಗುತ್ತದೆ. ಮೊದಲಿನ ದನಿಯನ್ನು ನೆನೆದು ದುಃಖವಾಗುವುದಿಲ್ಲ ಎಂದರೆ ಸುಳ್ಳು. ಆದರೆ ಮೊದಲಿನಂತೆ ಕಲಿಸಲು ಆಗಲಿಕ್ಕಿಲ್ಲ ಎಂದ ಡಾಕ್ಟರ ಮಾತು ನಿಜವಾಯಿತು: ಮೊದಲಿನಂತೆ ನಾನು ಕಲಿಸುತ್ತಿಲ್ಲ.

ಈಚೆಗೆ ಕಿತ್ತೂರಿನಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ಪ್ರತಿಯೊಬ್ಬರೂ ತಮಗೆ ಬೇಕಾದ ವ್ಯಾಕರಣದ ಭಾಗವೊಂದನ್ನು ಕಲಿಸಿ ತೋರಿಸಬೇಕು. ನನ್ನ ಸರದಿ ಮಧ್ಯಾಹ್ನದ ಊಟದ ನಂತರ. ಕರೆಂಟು ಹೋಗಿತ್ತು, ಮೈಕು ಸತ್ತಿತ್ತು, ನನ್ನ ಸೊಂಟದ ಸ್ಪೀಕರು ಮನೆಯಲ್ಲೇ ಉಳಿದಿತ್ತು. ನಡೆಸಿಕೊಡುತ್ತಿದ್ದವರು ಬಹಳ ಸಭ್ಯರು.

‘ಟೀಚರ್ರ, ನೀವು ಬ್ಯಾಡ ಬಿಡ್ರಿ. ಗಂಟಲಿಗೆ ತ್ರಾಸ ಆದೀತು. ನಿಮ್ಮದು ಆತು ಅಂತ ಬರಕೋತೇವಿ.’

‘ಆದೀತು,’ ಎಂದು ಸೀಮೆಸುಣ್ಣ ತೆಗೆದುಕೊಂಡೆ. ‘ಆದ್ರ ಆಗ್ಲಿ ಬಿಡ್ರಿ.’

ಹಲಗೆಯ ಮೇಲೆ ‘ಬಂದೀತು’ ಎಂದು ಕನ್ನಡದಲ್ಲಿ ಬರೆದೆ. ಇಂಗ್ಲಿಷ್ ತರಬೇತಿಯಲ್ಲಿ ಕನ್ನಡ ಕಂಡು ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ನಾನು ಮಾತು ಶುರುಮಾಡಿದೆ. ನಾಲ್ಕು ವಾಕ್ಯ ಆಗುವಷ್ಟರಲ್ಲಿ ಹಿಂದಿನಿಂದ ಒಬ್ಬರು ಕೈ ಎತ್ತಿದರು.

‘ಇಲ್ಲಿ ಕೇಳಸವಲ್ದರಿ ಮೇಡಂ.’

‘ಕೇಳಸಲಿಲ್ಲಂದ್ರ ಮುಂದ ಬಂದು ಕುಂದರ್ರಿ,’ ಎಂದೆ.

ನಾನು ಕಾದೆ. ಆಮೇಲೆ ಹಿಂದಿನ ಸಾಲಿನ ಕುರ್ಚಿಯೊಂದು ನೆಲ ಕೆರೆಯುತ್ತಾ ಎದ್ದಿತು, ಅದರ ಹಿಂದೆ ಇನ್ನೊಂದು. ಎಲ್ಲರೂ ಬಂದು ಕೂತು ಗದ್ದಲ ನಿಲ್ಲುವವರೆಗೂ ತಡೆದು, ಮೊದಲನೆಯ ವಾಕ್ಯದಿಂದ ಮತ್ತೆ ಶುರು ಮಾಡಿದೆ.